ಬೈಕ್ ತಾಗಿ ಹಿಂಗಾಲು ಬಿದ್ದುಹೋದ ಬೆಕ್ಕನ್ನು ಮನೆಯಲ್ಲಿ ಸಾಕಲು ಆದೀತೇ?

ಉಡುಪಿಯಲ್ಲಿ ರಸ್ತೆ ಬದಿ ಸಿಕ್ಕ ಬೆಕ್ಕು, ಬೆನ್ನುಹುರಿಗೆ ಪೆಟ್ಟು, ಎರಡೂ ಹಿಂಗಾಲು ಆಡುವುದಿಲ್ಲ, ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು ಎಂದು ಬರೆದಿದ್ದೀರಿ. ಕಾಲಿನ ಚಿಂತೆ ಬಿಡಿ. ಮುಂಗಾಲೆರಡರಿಂದಲೇ ಮೈ ಎಳೆದುಕೊಂಡು ಬೆಕ್ಕು ಮನೆಯೆಲ್ಲ ಸುತ್ತುತ್ತದೆ. ಜೀವಕ್ಕೆ ಕುತ್ತು ಬರುವುದು ಮೂತ್ರದಿಂದ; ಬೆನ್ನುಹುರಿಗೆ ಪೆಟ್ಟಾದ ಬೆಕ್ಕಿಗೆ ಅದನ್ನು ತಾನಾಗಿ ಪೂರ್ತಿ ಹೊರಹಾಕಲು ಆಗದಿರಬಹುದು. ಎಂಟು ಗಂಟೆಗೊಮ್ಮೆ ಮೂತ್ರಕೋಶ ಖಾಲಿ ಮಾಡಲು ಒಬ್ಬರಾದರೂ ಸಿಗುತ್ತಾರೆ ಎಂದಾದರೆ ಸಾಕಿ. ಯಾರೂ ಇಲ್ಲವೆಂದಾದರೆ, ಡಾಕ್ಟರ ಕೈಯಲ್ಲಿ ನೋವಿಲ್ಲದೆ ಕಳಿಸಿಕೊಡುವುದರಲ್ಲಿ ಪಾಪವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹೆಚ್ಚಿನವರು ಎಡವುವುದು ಇಲ್ಲಿ: ಬಟ್ಟೆ ಒದ್ದೆಯಾಗಿದೆ, ಹಾಗಾದರೆ ಮೂತ್ರ ಹೋಗುತ್ತಿದೆ ಅಂದುಕೊಳ್ಳುತ್ತಾರೆ. ಅದು ತುಂಬಿದ ಕೊಡದಿಂದ ಚೆಲ್ಲಿದ ನೀರು ಅಷ್ಟೇ. ಒಳಗೆ ಉಳಿದದ್ದು ಕೊಳೆತು ಸೋಂಕಾಗುತ್ತದೆ, ಕಿಡ್ನಿಗೂ ಏರುತ್ತದೆ.

ಮೊದಲ ಸಲ ಡಾಕ್ಟರ ಎದುರೇ ಮಾಡಿ ಕಲಿಯಿರಿ. ಗ್ಲೌಸ್ ಹಾಕಿಕೊಳ್ಳಿ; ಮಳೆಗಾಲದಲ್ಲಿ ನಮ್ಮ ಕಡೆ ಮೂತ್ರದಿಂದ ಹರಡುವ ಇಲಿಜ್ವರ ಇದ್ದದ್ದೇ. ಬೆಕ್ಕನ್ನು ಬಚ್ಚಲಲ್ಲಿ ನಿಂತ ಭಂಗಿಯಲ್ಲಿ ಹಿಡಿದು, ಹಿಂದೊಡೆಗಳ ಸ್ವಲ್ಪ ಮುಂದೆ ಹೊಟ್ಟೆಯ ಎರಡೂ ಬದಿಗೆ ಬೆರಳ ಚಪ್ಪಟೆ ಭಾಗ ಇಡಿ. ನೀರು ತುಂಬಿದ ಬಲೂನಿನ ಹಾಗೆ, ದೊಡ್ಡ ನಿಂಬೆಯಷ್ಟಿರುವುದು ಸಿಗುತ್ತದೆ. ಅದರ ಮೇಲೆ, ಬೆನ್ನಿನ ಹತ್ತಿರ ಗಟ್ಟಿ ಉಂಡೆಗಳು ಸಿಕ್ಕರೆ ಅದು ಮಲ, ಅದನ್ನು ಹಿಂಡಬೇಡಿ. ಬಲೂನನ್ನು ಮೆಲ್ಲನೆ ಬಾಲದ ಕಡೆಗೆ ಅಮುಕಿ, ಒತ್ತಡ ಹೆಚ್ಚು ಕಡಿಮೆ ಮಾಡದೆ ಧಾರೆ ನಿಲ್ಲುವ ತನಕ ಹಿಡಿದಿರಿ. ಕೊನೆಗೆ ಸಣ್ಣ ಖಾಲಿ ಚೀಲ ಕೈಗೆ ತಾಗಬೇಕು. ಧಾರೆ ಬರಲೇ ಇಲ್ಲವೆಂದರೆ ಬಲ ಹಾಕಬೇಡಿ, ಮೂತ್ರಕೋಶ ಒಡೆಯಬಹುದು. ಕೆಲವು ಬೆಕ್ಕುಗಳಿಗೆ ಮೂತ್ರದ ಬಾಯಿ ಬಿಗಿದೇ ಇರುತ್ತದೆ, ಸಡಿಲಿಸಲು ಡಾಕ್ಟರು ಪ್ರಾಜೊಸಿನ್‌ನಂಥ ಮಾತ್ರೆ ಕೊಡುತ್ತಾರೆ. ಗಂಡು ಬೆಕ್ಕಾದರೆ ದಾರಿ ಕಟ್ಟಿಕೊಂಡಿರಲೂಬಹುದು. ಮೂತ್ರಕೋಶ ಕಲ್ಲಿನಂತಾಗಿ ಹನಿಯೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರ ಕಲಗಚ್ಚಿನಂತಾದರೆ, ನಾತ ಹೊಡೆದರೆ, ಕೆಂಪಾದರೆ ಸೋಂಕು ಎಂದೇ ತಿಳಿಯಿರಿ.

ಎರಡನೇ ಕಾಟ ಚರ್ಮದ್ದು. ಕೆಂಪು ಸಿಮೆಂಟ್ ನೆಲ, ಟೈಲ್ಸ್ ಎರಡರ ಮೇಲೂ ಎಳೆದು ಎಳೆದು ಮಂಡಿ ತರಚುತ್ತದೆ. ಯೋಗ ಮ್ಯಾಟ್ ಹಾಸಿ, ಮೇಲೆ ಹಳೆ ಬೈರಾಸು (ಟವೆಲ್) ಹಾಕಿ, ದಿನಕ್ಕೆರಡು ಸಲ ಬದಲಿಸಿ. ಹಿಂಭಾಗದ ರೋಮ ಗಿಡ್ಡ ಕತ್ತರಿಸಿ, ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ತೆಂಗಿನೆಣ್ಣೆ ತೆಳ್ಳಗೆ ಸವರಿ. ಮಕ್ಕಳ ಡೈಪರ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಜಿಂಕ್ ಇರುತ್ತದೆ, ನೆಕ್ಕಿದರೆ ವಿಷ. ನೆಲಕ್ಕೆ ಫಿನೈಲ್, ಗಾಯಕ್ಕೆ ಡೆಟ್ಟಾಲ್ ಕೂಡದು. ಡೈಪರ್ ಬೇಕೇ ಬೇಕೆಂದರೆ ಹಸುಗೂಸಿನ ಅಳತೆಯದ್ದು ತಂದು ಬಾಲಕ್ಕೆ ತೂತು ಮಾಡಿ ತೊಡಿಸಿ. ಆದರೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡಬೇಡಿ, ಒದ್ದೆಯಲ್ಲಿ ಚರ್ಮ ಬೆಂದ ಹಾಗಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನೊಣದ ಮೇಲೆ ಕಣ್ಣಿಡಿ. ಒದ್ದೆ ರೋಮದಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಮೊಟ್ಟೆ ಕಂಡರೆ ಆಗಲೇ ಕತ್ತರಿಸಿ ತೆಗೆಯಿರಿ. ಒಂದೇ ದಿನದಲ್ಲಿ ಹುಳ ಆಗಬಹುದು. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್, ಕರ್ಪೂರ ಬೆಕ್ಕಿಗೆ ಹಾಕಿದರೆ ಹುಳದ ಜೊತೆ ಬೆಕ್ಕೂ ಹೋಗುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕಾಲು ಮಾತ್ರೆಯೂ ಬೇಡ.

ಊಟಕ್ಕೆ ಬೂತಾಯಿ, ಬಂಗುಡೆ ಕೊಡಬಹುದು, ಬೇಯಿಸಿ ಮುಳ್ಳು ತೆಗೆದು. ಹಸಿ ಬೂತಾಯಿಯನ್ನೇ ದಿನಾ ಕೊಟ್ಟರೆ ಬಿ1 ಜೀವಸತ್ವ ನಾಶವಾಗುತ್ತದೆ. ಬರೀ ಮೀನೂ ಸಾಲದು, ಬೆಕ್ಕಿನ ಆಹಾರವೂ ಜೊತೆಗಿರಲಿ. ಮಲ ಗಟ್ಟಿಯಾಗುವ ಬೆಕ್ಕಿಗೆ ಬೇಯಿಸಿ ಹಿಸುಕಿದ ಕೆಂಬುಡೆ (ಸಿಹಿಗುಂಬಳ) ಒಂದು ಚಮಚ. ಎರಡು ದಿನ ಮಲ ಹೋಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಕೇಳಿ.

ಇನ್ನೊಮ್ಮೆ ಡಾಕ್ಟರಲ್ಲಿಗೆ ಹೋದಾಗ ಹಿಂಗಾಲ ಬೆರಳನ್ನು ಚಿಮುಟದಿಂದ ಒತ್ತಿ ತೋರಿಸಲು ಹೇಳಿ. ಆಗ ನೀವು ನೋಡಬೇಕಾದ್ದು ಕಾಲನ್ನಲ್ಲ, ಮುಖವನ್ನು. ಕಾಲು ಎಳೆದುಕೊಳ್ಳುವುದು ಬರೀ ಪ್ರತಿಕ್ರಿಯೆ ಇರಬಹುದು; ತಿರುಗಿ ನೋಡಿದರೆ, ಗುರ್ ಎಂದರೆ ನೋವು ತಲೆಗೆ ಮುಟ್ಟುತ್ತಿದೆ ಎಂದರ್ಥ, ಚೇತರಿಕೆಯ ಆಸೆ ಇಟ್ಟುಕೊಳ್ಳಬಹುದು.