ನ್ಯಾಸ್‌ಗೆ ಎರಡನೇ ಡ್ರೈವ್ ಹಾಕುವ ಮುಂಚೆ ಹಳೆಯದನ್ನು ನೋಡಿಕೊಳ್ಳಿ

ನಮಸ್ಕಾರ ಸರ್. ಎರಡು ಬೇ (ಡ್ರೈವ್ ಕೂರಿಸುವ ಖಾನೆ) ಇರುವ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸಿ ಫೈಲ್ ಇಡುವ ಪೆಟ್ಟಿಗೆ), ಒಂದರಲ್ಲಿ 4 ಟಿಬಿ ಡ್ರೈವ್, ಅದರಲ್ಲಿ 1.3 ಟಿಬಿಯಷ್ಟು ಫೋಟೋ, ವಿಡಿಯೋ ತುಂಬಿವೆ. ಹಳೆಯ ಕಂಪ್ಯೂಟರ್‌ನಿಂದ ತೆಗೆದ 2 ಟಿಬಿ ಡ್ರೈವನ್ನು ಖಾಲಿ ಬೇಗೆ ಹಾಕಿ ಮಿರರ್ ಮಾಡಬಹುದಾ, ಇರುವ ಡೇಟಾ ಅಳಿಸಿಹೋಗುತ್ತಾ ಅಂತ ಕೇಳಿದ್ದೀರಿ.

2 ಟಿಬಿಯಲ್ಲಿ ಆಗುವುದಿಲ್ಲ. ಮಿರರ್, ಅಂದರೆ ಒಂದೇ ಡೇಟಾ ಎರಡೂ ಡ್ರೈವ್‌ನಲ್ಲಿ ಇರುವ ರೈಡ್ 1 ಬೇಕಿದ್ದರೆ ಹೊಸ ಡ್ರೈವ್ ಹಳೆಯದರಷ್ಟಾದರೂ ಇರಬೇಕು. ಡೇಟಾ ಎಷ್ಟು ತುಂಬಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಡ್ರೈವ್‌ನ ಅಳತೆಯೇ ಲೆಕ್ಕ. 8 ಟಿಬಿ ಹಾಕಿದರೂ ಸದ್ಯಕ್ಕೆ ಸಿಗುವುದು 4 ಟಿಬಿ ಜಾಗವೇ. ಮುಂದೆ ಹಳೆಯದನ್ನೂ 8 ಟಿಬಿಗೆ ಬದಲಾಯಿಸಿದಾಗ ಉಳಿದ ಜಾಗ ಬಳಕೆಗೆ ಬರುತ್ತದೆ. ಇರುವ ಡೇಟಾ, ಸರಿಯಾದ ಮೆನು ಒತ್ತಿದರೆ, ಅಳಿಸಿಹೋಗುವುದಿಲ್ಲ.

ಆದರೆ ಜಾಸ್ತಿ ಜನ ಗಮನ ಕೊಡುವುದು ಹೊಸ ಡ್ರೈವ್ ಕಡೆಗೆ. ನನಗೆ ಚಿಂತೆ ನಿಮ್ಮ ಹಳೆಯ ಡ್ರೈವ್‌ನದು. ಮಿರರ್ ಕಟ್ಟುವಾಗ ನ್ಯಾಸ್ ಸಾಮಾನ್ಯವಾಗಿ ಹಳೆಯ ಡ್ರೈವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೊಸದಕ್ಕೆ ಬರೆಯುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಅಂದುಕೊಂಡರೂ 4 ಟಿಬಿಗೆ ಏಳೂವರೆ ಗಂಟೆ ಹತ್ತಿರ ಆಗುತ್ತದೆ. ನಡುವೆ ಫೈಲ್ ಬಳಸುತ್ತಿದ್ದರೆ ಇನ್ನೂ ಹೆಚ್ಚು. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯ ಸೆಕ್ಟರ್‌ಗಳನ್ನೂ (ಡೇಟಾ ಇಡುವ ಚಿಕ್ಕ ಚಿಕ್ಕ ಭಾಗಗಳು) ಆಗಲೇ ಓದಬೇಕು. ಒಳಗೊಳಗೇ ಕೆಟ್ಟಿರುವ ಡ್ರೈವ್ ಕೈಕೊಡುವುದು ಇಂಥ ಹೊತ್ತಿನಲ್ಲೇ. ಆ ಹೊತ್ತಿನಲ್ಲಿ ನಿಮ್ಮ ಫೋಟೋಗಳ ಪೂರ್ತಿ ಪ್ರತಿ ಇರುವುದು ಅದೊಂದರಲ್ಲೇ ಅಲ್ವಾ?

ಹಾಗಾಗಿ ಮೊದಲು ಬ್ಯಾಕಪ್. ಆ 2 ಟಿಬಿ ಡ್ರೈವ್ ಉಪಯೋಗಕ್ಕೆ ಬರುವುದು ಇಲ್ಲಿ. ಅದನ್ನು ಯುಎಸ್‌ಬಿ ಡಾಕ್‌ಗೆ (ಡ್ರೈವನ್ನು ಯುಎಸ್‌ಬಿಯಲ್ಲಿ ಜೋಡಿಸುವ ಸ್ಟ್ಯಾಂಡ್) ಸಿಕ್ಕಿಸಿ, ಸ್ಮಾರ್ಟ್ ವರದಿ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿ. ಸರಿಯಿದ್ದರೆ 1.3 ಟಿಬಿ ಪೂರ್ತಿ ಅದಕ್ಕೆ ಕಾಪಿ ಮಾಡಿ. ಕಾಪಿ ಆದ ಮೇಲೆ ಬೇರೆ ಬೇರೆ ಫೋಲ್ಡರ್‌ಗಳಿಂದ ಕೆಲವು ಫೋಟೋ, ಒಂದೆರಡು ಉದ್ದದ ವಿಡಿಯೋ ತೆರೆದು ನೋಡಿ. ಸುಮ್ನೆ ಫೈಲ್ ಹೆಸರು ಕಂಡರೆ ಸಾಲದು.

ಆಮೇಲೆ ನ್ಯಾಸ್‌ನಲ್ಲಿರುವ ಡ್ರೈವ್‌ಗೆ ಸ್ಮಾರ್ಟ್‌ನ ಎಕ್ಸ್‌ಟೆಂಡೆಡ್ ಟೆಸ್ಟ್ ಹಚ್ಚಿ. ಕ್ವಿಕ್ ಟೆಸ್ಟ್ ಬೇಡ, ಅದು ಇಡೀ ಡ್ರೈವ್ ಓದುವುದಿಲ್ಲ. ವರದಿಯಲ್ಲಿ 5, 197, 198 ಈ ಮೂರು ಸಾಲು ನೋಡಿ. 5 ಅಂದರೆ ಕೆಟ್ಟು ಬೇರೆ ಕಡೆ ಬದಲಾಯಿಸಿದ ಸೆಕ್ಟರ್‌ಗಳು. 197 ಅಂದರೆ ಓದಲು ತೊಂದರೆ ಕೊಟ್ಟು, ಇನ್ನೂ ತೀರ್ಮಾನವಾಗದೆ ಬಾಕಿ ಇರುವವು. 198 ಅಂದರೆ ಸರಿಪಡಿಸಲಾಗದವು. ಮೂರರಲ್ಲೂ ರಾ ವ್ಯಾಲ್ಯೂ (ನಿಜವಾದ ಎಣಿಕೆ) ಸೊನ್ನೆ ಇದ್ದರೆ ಮುಂದುವರಿಯಿರಿ. 197ರಲ್ಲಿ ಏನಾದರೂ ಸಂಖ್ಯೆ ಕಂಡರೆ ಮಿರರ್ ಯೋಚನೆ ಬಿಡಿ. ಎರಡು ಹೊಸ ಡ್ರೈವ್ ತಂದು, ಹೊಸದಾಗಿ ಪೂಲ್ (ಡ್ರೈವ್‌ಗಳನ್ನು ಸೇರಿಸಿ ಮಾಡುವ ಜಾಗ) ಮಾಡಿ, ಬ್ಯಾಕಪ್‌ನಿಂದ ಡೇಟಾ ಹಾಕಿಕೊಳ್ಳುವುದೇ ಒಳ್ಳೆಯದು.

ಹೊಸ ಡ್ರೈವ್ ತೆಗೆದುಕೊಳ್ಳುವಾಗ ಸಿಎಂಆರ್ (ಟ್ರ್ಯಾಕ್‌ಗಳು, ಅಂದರೆ ಡೇಟಾ ಬರೆಯುವ ಸುತ್ತುಗಳು, ಒಂದರ ಮೇಲೊಂದು ಹತ್ತದ ಬಗೆ) ಅಂತ ಖಾತ್ರಿ ಮಾಡಿಕೊಳ್ಳಿ. ಎಸ್‌ಎಂಆರ್ ಡ್ರೈವ್‌ಗಳಲ್ಲಿ ಟ್ರ್ಯಾಕ್‌ಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ಒಂದನ್ನು ತಿದ್ದಬೇಕಿದ್ದರೆ ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕಾಗುತ್ತದೆ. ಹಾಗಾಗಿ ರೀಬಿಲ್ಡ್ (ಮಿರರ್ ಮತ್ತೆ ಕಟ್ಟುವುದು) ತುಂಬಾ ನಿಧಾನ ಆಗಬಹುದು. ಪ್ಯಾಕಿನ ಮೇಲೆ ನ್ಯಾಸ್ ಡ್ರೈವ್ ಅಂತ ಬರೆದಿದ್ದರೆ ಸಾಕು ಅಂದುಕೊಳ್ಳಬೇಡಿ. ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ರೆಡ್ ಸಾಲಿನ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅಂತ 2020ರಲ್ಲಿ ಹೊರಬಿತ್ತು. ರೆಡ್ ಪ್ಲಸ್, ರೆಡ್ ಪ್ರೊ, ಸೀಗೇಟ್ ಐರನ್‌ವುಲ್ಫ್ ಇವೆಲ್ಲ ಸಿಎಂಆರ್. ಕಂಪನಿಯ ಡೇಟಾಶೀಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿದರೆ ಸಂಶಯವೇ ಉಳಿಯುವುದಿಲ್ಲ.

ಡ್ರೈವ್ ಕೂರಿಸುವುದು ಸುಲಭ. ಹಾಟ್ ಸ್ವಾಪ್ (ಆನ್ ಇರುವಾಗಲೇ ಡ್ರೈವ್ ಹಾಕುವ ಸೌಲಭ್ಯ) ಇಲ್ಲದ ನ್ಯಾಸ್ ಆದರೆ ಮೊದಲು ಶಟ್‌ಡೌನ್ ಮಾಡಿ. ಡ್ರೈವನ್ನು ಅಂಚಿನಲ್ಲಿ ಹಿಡಿಯಿರಿ, ಕೆಳಗಿನ ಸರ್ಕ್ಯೂಟ್ ಬೋರ್ಡ್ ಮುಟ್ಟಬೇಡಿ. ಟ್ರೇಯನ್ನು ಕೊನೆವರೆಗೆ ತಳ್ಳಿ, ಲಾಚ್ ಕ್ಲಿಕ್ ಅನ್ನಬೇಕು.

ಆನ್ ಆದ ಕೂಡಲೇ ಪೂಲ್‌ಗೆ ಸೇರಿಸಬೇಡಿ. ಹೊಸ ಡ್ರೈವ್‌ಗೂ ಒಂದು ರಾತ್ರಿ ಎಕ್ಸ್‌ಟೆಂಡೆಡ್ ಟೆಸ್ಟ್ ಹಚ್ಚಿ. ಹೊಸದಾಗಿ ಬಂದ ಡ್ರೈವ್‌ನಲ್ಲೂ ದೋಷ ಇರಬಹುದು. ಅದು ಈಗಲೇ ಗೊತ್ತಾದರೆ ವಾಪಸ್ ಕೊಡಬಹುದು.

ಇನ್ನು ಮೆನು. ಸಿನಾಲಜಿ ಕಂಪನಿಯ ನ್ಯಾಸ್ ಆದರೆ ಸ್ಟೋರೇಜ್ ಮ್ಯಾನೇಜರ್‌ನಲ್ಲಿ ನಿಮ್ಮ ಪೂಲ್ ಯಾವ ಬಗೆ ಅಂತ ನೋಡಿ. ಎಸ್‌ಎಚ್‌ಆರ್ (ಸಿನಾಲಜಿಯದೇ ರೈಡ್ ಬಗೆ) ಇದ್ದರೆ 'ಆಡ್ ಡ್ರೈವ್' ಒತ್ತಿ. ಬೇಸಿಕ್ (ಒಂದೇ ಡ್ರೈವ್‌ನದು) ಇದ್ದರೆ 'ಚೇಂಜ್ ರೈಡ್ ಟೈಪ್' ಒತ್ತಿ ರೈಡ್ 1 ಆರಿಸಿ. ಕ್ಯೂನ್ಯಾಪ್‌ನಲ್ಲಿ ಇದಕ್ಕೆ 'ಮೈಗ್ರೇಟ್' ಅಂತ ಇರುತ್ತದೆ. 'ಕ್ರಿಯೇಟ್ ಸ್ಟೋರೇಜ್ ಪೂಲ್' ಒತ್ತಿದರೆ ಹೊಸ ಡ್ರೈವ್ ಬೇರೆಯೇ ಪೂಲ್ ಆಗಿಬಿಡುತ್ತದೆ, ಮಿರರ್ ಆಗುವುದಿಲ್ಲ. ರೈಡ್ 0 (ಡೇಟಾವನ್ನು ಎರಡೂ ಡ್ರೈವ್‌ಗೆ ಹಂಚಿ ಬರೆಯುವ ಬಗೆ) ಕಡೆ ಹೋಗಲೇಬೇಡಿ. ಅದರಲ್ಲಿ ಒಂದು ಡ್ರೈವ್ ಹೋದರೆ ಎರಡರದ್ದೂ ಹೋಯಿತು. ಕೊನೆಗೆ 'ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ' ಅನ್ನುವ ಎಚ್ಚರಿಕೆ ಬರುತ್ತದೆ. ಅದು ಹೊಸ ಡ್ರೈವ್ ಬಗ್ಗೆ. ಆದರೂ ಅಲ್ಲಿ ತೋರಿಸುವ ಡ್ರೈವ್ ನಂಬರ್ ಓದಿಯೇ ಓಕೆ ಕೊಡಿ.

ಮಿರರ್ ಆದ ಮೇಲೆ ಬ್ಯಾಕಪ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಮಿರರ್ ಕಾಪಾಡುವುದು ಡ್ರೈವ್ ಸತ್ತಾಗ ಮಾತ್ರ. ನೀವೇ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಆ ಕ್ಷಣವೇ ಎರಡೂ ಕಡೆ ಹೋಗುತ್ತದೆ. ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೂ ಅಷ್ಟೇ. ಆ 2 ಟಿಬಿ ಡ್ರೈವನ್ನು ನ್ಯಾಸ್‌ನಿಂದ ಬಿಚ್ಚಿ ಬೇರೆ ಕಡೆ ಇಡಿ, ತಿಂಗಳಿಗೊಮ್ಮೆ ಸಿಕ್ಕಿಸಿ ಹೊಸ ಫೋಟೋಗಳನ್ನು ಕಾಪಿ ಮಾಡಿ.

ಇನ್ನೊಂದು ಚಿಕ್ಕ ಕೆಲಸ. ಎರಡೂ ಡ್ರೈವ್‌ಗಳ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದು ಆಯಾ ಟ್ರೇ ಮುಂಭಾಗಕ್ಕೆ ಅಂಟಿಸಿ. ಮುಂದೆ ಪೂಲ್ 'ಡಿಗ್ರೇಡೆಡ್' (ಒಂದು ಡ್ರೈವ್ ಕೈಕೊಟ್ಟಿದೆ) ಅಂತ ಬಂದು ಬೀಪ್ ಹೊಡೆಯುವಾಗ, ಗಾಬರಿಯಲ್ಲಿ ಚೆನ್ನಾಗಿರುವ ಡ್ರೈವನ್ನೇ ಎಳೆದುಬಿಡುವವರು ಇದ್ದಾರೆ. ಇಮೇಲ್ ನೋಟಿಫಿಕೇಶನ್ ಕೂಡ ಆನ್ ಮಾಡಿ, ಇಲ್ಲದಿದ್ದರೆ ಒಂದು ಡ್ರೈವ್ ಹೋಗಿದ್ದೇ ಗೊತ್ತಾಗುವುದಿಲ್ಲ.

ನ್ಯಾಸ್ ಮಾಡೆಲ್ ನಂಬರ್, ಸ್ಮಾರ್ಟ್ ವರದಿಯ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ ಸರ್. ಡ್ರೈವ್ ಕೊಳ್ಳುವ ಮುಂಚೆ ಒಮ್ಮೆ ನೋಡಿ ಹೇಳುತ್ತೇನೆ.