ಕಂಪ್ಯೂಟರ್ ನಿಮ್ಮ ಮೇಜಿಗೇ ಬಂತು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಪಾವಗಡದ ಸೋಲಾರ್ ಪಾರ್ಕ್ ಲೇಖನ ಓದಿ ಖುಷಿಯಾಯಿತು. ಆದರೆ ಕೊನೆಗೆ, ಸೋಲಾರ್ ಬಂದರೆ ಕೆಲಸ ಹೋಗುತ್ತದೆ ಅಂತ ಕಲ್ಲಿದ್ದಲು ಕೆಲಸಗಾರರ ಗೋಳು ಯಾಕೆ ತಂದಿರಿ? ನಾನು ಟೈಪಿಸ್ಟ್ ಆಗಿದ್ದವನು. ಕಂಪ್ಯೂಟರ್ ಬಂದಾಗ ಕಲಿತೆ. ಅವರೂ ಟ್ರೈನಿಂಗ್ ತಗೊಂಡು ಸೋಲಾರ್‌ಗೆ ಹೋಗಲಿ."

ಸಂಪಾದಕರ ಉತ್ತರ:

ಸಾರ್, ಕಂಪ್ಯೂಟರ್ ಕಲಿತದ್ದು ಸಣ್ಣ ಮಾತಲ್ಲ. ಆದರೆ ಅದು ನಿಮ್ಮ ಮೇಜಿಗೇ ಬಂತು, ಅಲ್ವಾ? ಆಫೀಸು ಅದೇ, ಮನೆ ಅದೇ, ಸಂಬಳವೂ ನಿಲ್ಲಲಿಲ್ಲ. ಜಾರ್ಖಂಡಿನ ಧನ್‌ಬಾದಿನಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿಯುವವನ ಲೆಕ್ಕ ಬೇರೆ. ಕಲ್ಲಿದ್ದಲು ಹೆಚ್ಚಾಗಿ ಇರುವುದು ಜಾರ್ಖಂಡ್, ಒಡಿಶಾ, ಛತ್ತೀಸ್‌ಗಢದಲ್ಲಿ. ದೊಡ್ಡ ಸೋಲಾರ್ ಪಾರ್ಕ್‌ಗಳು ರಾಜಸ್ಥಾನ, ಗುಜರಾತ್, ನಮ್ಮ ಪಾವಗಡದಲ್ಲಿ. ಅಷ್ಟು ದೂರ ಬಂದರೂ ಎಷ್ಟು ಜನಕ್ಕೆ ಕೆಲಸ? ಪಾವಗಡದ್ದು ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಪ್ಯಾನೆಲ್ ಕೂರಿಸುವಾಗ ಜನ ಜಾಸ್ತಿ ಬೇಕು. ಕೂರಿಸಿದ ಮೇಲೆ ಧೂಳು ತೊಳೆಯುವವರು, ಹುಲ್ಲು ಕೊಯ್ಯುವವರು, ವಾಚ್‌ಮನ್‌ಗಳು, ಒಂದಷ್ಟು ಟೆಕ್ನಿಷಿಯನ್‌ಗಳು, ಅಷ್ಟೇ. ಜಮೀನು ಗುತ್ತಿಗೆಗೆ ಕೊಟ್ಟವರಿಗೆ ವರ್ಷಾವರ್ಷ ದುಡ್ಡು ಬರುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ ಅದೂ ಇಲ್ಲ.

ಗಣಿ ಮುಚ್ಚಿದರೆ ಏನಾಗುತ್ತದೆ ಅಂತ ನೋಡೋಕೆ ಜಾರ್ಖಂಡಿಗೆ ಹೋಗಬೇಕಿಲ್ಲ. ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಇವತ್ತಿಗೂ ಅಲ್ಲಿನ ಜನ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ, ರಾತ್ರಿ ವಾಪಸ್ಸು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಮಾತ್ರ ಊರು ಬಿಟ್ಟು ಕದಲಿಲ್ಲ.

ಇನ್ನು, ಕಲ್ಲಿದ್ದಲು ಕೆಲಸಗಾರ ಅಂದರೆ ಯಾರು? ಸರ್ಕಾರಿ ಕಂಪನಿ ಕೋಲ್ ಇಂಡಿಯಾದ ಕಾಯಂ ನೌಕರರೇ 2 ಲಕ್ಷಕ್ಕೂ ಹೆಚ್ಚು. ಅವರಿಗೆ ಪಿಎಫ್ ಇದೆ, ಯೂನಿಯನ್ ಇದೆ. ಪಕ್ಕದಲ್ಲೇ ದುಡಿಯುವ ಗುತ್ತಿಗೆಯವನಿಗೆ ಕಂಟ್ರಾಕ್ಟರ್ ಬದಲಾದರೂ ಭಯ. ಅವನಿಗಿಂತ ಕೆಳಗೆ, ಕಲ್ಲಿದ್ದಲು ಸಾಗಿಸಿ ಮಾರುವ ಸೈಕಲ್‌ನವನು. ಸೈಕಲ್ಲಿನ ಎರಡೂ ಕಡೆ ಕಲ್ಲಿದ್ದಲ ಮೂಟೆ, ಅಡ್ಡಕಂಬಿಯ ಮೇಲೂ ಮೂಟೆ. ಇನ್ನೂರು ಕೆಜಿ ದಾಟುವುದೂ ಉಂಟು. ಪೆಡಲ್ ತುಳಿಯೋಕೆ ಜಾಗವೇ ಇರುವುದಿಲ್ಲ. ಏರು ಬಂದರೆ ಬಗ್ಗಿ, ಎದೆ ಕೊಟ್ಟು ತಳ್ಳುತ್ತಾನೆ. ನಾಳೆ ಪರಿಹಾರ ಹಂಚುವಾಗ ಇವನ ಹೆಸರನ್ನು ಯಾವ ಹಾಜರಿ ಪುಸ್ತಕದಲ್ಲಿ ಹುಡುಕೋಣ?

ಜರ್ಮನಿ 2020ರಲ್ಲೇ ಕಾನೂನು ಮಾಡಿ, ಕಲ್ಲಿದ್ದಲು ಕರೆಂಟಿಗೆ 2038ರ ಗಡುವು ಹಾಕಿತು. ಅಷ್ಟರಲ್ಲಿ ಕೆಲಸ ಹೋಗುವ, 58 ದಾಟಿದವರಿಗೆ ಪೆನ್ಷನ್ ಶುರುವಾಗುವ ತನಕ, ಐದು ವರ್ಷದವರೆಗೆ ಹಣ. ಗಣಿ ಜಿಲ್ಲೆಗಳಿಗೆ 40 ಬಿಲಿಯನ್ ಯೂರೋವರೆಗೆ ನೆರವು ಬೇರೆ. ಅವರ ಹತ್ತಿರ ದುಡ್ಡಿದೆ, ಒಪ್ಪಿದೆ. ಮುಂಚೆಯೇ ತಾರೀಕು ಹೇಳೋಕೆ ದುಡ್ಡು ಬೇಡವಲ್ಲ.

ನಮ್ಮಲ್ಲಿ 2024-25ರಲ್ಲಿ ನೂರು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ತೆಗೆದಿದ್ದಾರೆ. ಅಂದರೆ ಗಣಿಗಳೆಲ್ಲ ನಾಳೆಯೇ ಮುಚ್ಚುವುದಿಲ್ಲ. ಸೈಕಲ್‌ನವನಂಥವರ ಹೆಸರು ಬರೆದುಕೊಳ್ಳೋಕೆ ಇದೇ ಸಮಯ, ಗೇಟಿಗೆ ಬೀಗ ಬಿದ್ದ ಮೇಲಲ್ಲ. ಆ ಲೇಖನದ ಕೊನೆಯ ಪ್ಯಾರಾ ಸುಮ್ನೆ ಸೇರಿಸಿದ್ದಲ್ಲ, ಸಾರ್.

ಅಂದ ಹಾಗೆ, ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಮುಂದೆ ಕೂತ ಮೊದಲ ವಾರ ಹೇಗಿತ್ತು? ಎರಡು ಪುಟ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.