ಲ್ಯಾಬ್ ಇಲಿಗೆ ವರ್ಚುವಲ್ ರಿಯಾಲಿಟಿ ತೋರಿಸಲು ಮಾಮೂಲಿ ಪ್ರೊಜೆಕ್ಟರ್ ಸಾಕಾ?

ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿರುವ ನೀವು ಎರಡು ವಿಷಯ ಕೇಳಿದ್ದೀರಿ. ಇಲಿಯ ದೃಷ್ಟಿ ಅಭ್ಯಾಸ ಮಾಡಲು ಕಾಲೇಜಿನಲ್ಲಿರುವಂಥ ಪ್ರೊಜೆಕ್ಟರ್ ಸಾಕಾ? ಪರದೆಯ ಮೇಲಿನದನ್ನು ಇಲಿ ನಿಜ ಅಂತ ನಂಬುತ್ತದಾ? ನಾನು ಶಿರಸಿಯವಳು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಇಂಥ ಸೆಟಪ್ ಕಟ್ಟಿದ್ದೇನೆ.

ಬರೀ ಕಪ್ಪು-ಬಿಳಿ ಗೆರೆ ತೋರಿಸುವುದಾದರೆ ಪ್ರೊಜೆಕ್ಟರ್‌ನಲ್ಲೇ ಶುರು ಮಾಡಬಹುದು. ಬಣ್ಣದ ಮಾತು ಬಂದರೆ ಸಾಲುವುದಿಲ್ಲ. ಪ್ರೊಜೆಕ್ಟರಿನ ಕೆಂಪು, ಹಸಿರು, ನೀಲಿ ಇರುವುದು ನಮ್ಮ ಕಣ್ಣಿಗಾಗಿ. ಇಲಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳಿಗೆ ಗೊತ್ತಾಗುವುದು ಎರಡೇ ಬಗೆ: ಸುಮಾರು 510 ನ್ಯಾನೋಮೀಟರಿನ ಹಸಿರು, ಸುಮಾರು 360 ನ್ಯಾನೋಮೀಟರಿನ ಅತಿನೇರಳೆ. ಕೆಂಪು ಅದಕ್ಕೆ ಹೆಚ್ಚುಕಡಿಮೆ ಕತ್ತಲೆ. ಅತಿನೇರಳೆ ಹಿಡಿಯುವ ಶಕ್ತಿ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರದ, ಕೆಳಭಾಗದಲ್ಲಿ ಜಾಸ್ತಿ. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಅಲ್ವಾ? ಹಾಗಾಗಿ ಆ ಕೆಳಭಾಗ ನೋಡುವುದು ಆಕಾಶವನ್ನು.

ನಾವು ಇದನ್ನು ಮರೆತು ಎರಡು ತಿಂಗಳು ಕಳೆದುಕೊಂಡೆವು. ಪರದೆಯ ಮೇಲ್ಭಾಗದಲ್ಲಿ ಏನು ತೋರಿಸಿದರೂ ಮಿದುಳಿನ ಕೋಶಗಳ ಉತ್ತರ ತೀರಾ ಮಂಕು. ಮಿದುಳಿನ ಕೋಶಗಳನ್ನು ನೋಡುವ ಮೈಕ್ರೋಸ್ಕೋಪ್ ಬಿಚ್ಚಿ ನೋಡಿದೆವು, ಕೋಡ್ ಪೂರ್ತಿ ತಡಕಾಡಿದೆವು. ನಮ್ಮ ಕಣ್ಣಿಗೆ ಪರದೆ ಚೆನ್ನಾಗಿಯೇ ಕಾಣುತ್ತಿತ್ತು, ಅದಕ್ಕೇ ಅನುಮಾನ ಬರಲಿಲ್ಲ. ಕೊನೆಗೆ ಅತಿನೇರಳೆ ಎಲ್‌ಇಡಿ ಹಾಕಿದೆವು. ಆಗಲೂ ಬೆಳಕು ಸಾಲಲಿಲ್ಲ. ಪರದೆಗೆ ಬಳಿದ ಬಿಳಿ ಪೇಂಟೇ ಅತಿನೇರಳೆಯನ್ನು ನುಂಗುತ್ತಿತ್ತು! ಆದ್ದರಿಂದ ಎಲ್‌ಇಡಿ, ಲೆನ್ಸ್, ಪೇಂಟ್ ಮೂರನ್ನೂ ಅಳೆದು ನೋಡಿ.

4ಕೆ ಪರದೆಗೆ ದುಡ್ಡು ಹಾಕಬೇಡಿ. ಒಂದು ಕಪ್ಪು ಗೆರೆ, ಒಂದು ಬಿಳಿ ಗೆರೆ ಸೇರಿ ಸುಮಾರು 2 ಡಿಗ್ರಿ ಅಗಲ ಇದ್ದರಷ್ಟೇ ಇಲಿಗೆ ಬೇರೆಬೇರೆಯಾಗಿ ಕಾಣುತ್ತವೆ. ಕೈ ಚಾಚಿ ಹೆಬ್ಬೆರಳು ನೋಡಿ, ಹೆಚ್ಚುಕಡಿಮೆ ಅಷ್ಟು ಅಗಲ. ಆದರೆ ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಎಡ, ಬಲ, ನೆತ್ತಿಯ ಮೇಲೆ ಎಲ್ಲ ಒಟ್ಟಿಗೆ ಕಾಣುತ್ತದೆ. ಎದುರಿಗೆ ಒಂದು ಚಪ್ಪಟೆ ಪರದೆ ಇಟ್ಟರೆ ಇಡೀ ಕೋಣೆಯೂ ಜೊತೆಗೆ ಕಾಣುತ್ತಿರುತ್ತದೆ.

ಇನ್ನು ನಂಬುವ ವಿಷಯ. ಇಲಿಯ ತಲೆಯನ್ನು ಅಲ್ಲಾಡದಂತೆ ಹಿಡಿದು, ಗಾಳಿಯ ಮೇಲೆ ತೇಲುವ ಥರ್ಮೋಕೋಲ್ ಚೆಂಡಿನ ಮೇಲೆ ಓಡಲು ಬಿಡುತ್ತಾರೆ. ಚೆಂಡು ಉರುಳಿದ್ದನ್ನು ಕಂಪ್ಯೂಟರ್ ಮೌಸಿನಲ್ಲಿರುವಂಥ ಸೆನ್ಸರ್ ಓದುತ್ತದೆ, ಅದಕ್ಕೆ ತಕ್ಕಂತೆ ಚಿತ್ರ ಸರಿಯುತ್ತದೆ. 2009ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹೀಗೆ ಓಡುವ ಇಲಿಯ ಮಿದುಳಿನಲ್ಲಿ, ಜಾಗ ಗುರುತಿಸುವ ಕೋಶಗಳು ಪರದೆಯ ಮೇಲಿನ ದಾರಿಗೂ ಕೆಲಸ ಮಾಡುವುದನ್ನು ದಾಖಲಿಸಿದರು. ಕಾಲು ಓಡುತ್ತಿದೆ, ಕಿವಿಯೊಳಗಿನ ಸಮತೋಲನದ ಅಂಗ ಮಾತ್ರ ನಿಂತಿದ್ದೇನೆ ಅನ್ನುತ್ತಿದೆ. ಆದರೂ ಇಷ್ಟು!

ನನಗೆ ಅದಕ್ಕಿಂತ ಇಷ್ಟವಾದದ್ದು 2024ರಲ್ಲಿ ಪ್ರಕಟವಾದ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರ ಕೆಲಸ: ಇಲಿಗೊಂದು ಕನ್ನಡಕ. ಸ್ಮಾರ್ಟ್‌ವಾಚಿನಂಥ ಪುಟ್ಟ ಡಿಸ್‌ಪ್ಲೇ, ಮುಂದೊಂದು ಲೆನ್ಸ್, ಒಂದೊಂದು ಕಣ್ಣಿಗೆ ಒಂದೊಂದು. ಬೈತಖೋಲ ಬಂದರಿನ ಮೇಲೆ ಹದ್ದು ಸುತ್ತುವುದನ್ನು ನೀವು ನೋಡಿರುತ್ತೀರಿ. ಕೆಳಗಿರುವ ಸುಂಡಿಲಿಗೆ ಅದು ಕಪ್ಪು ಚುಕ್ಕೆ. ಚುಕ್ಕೆ ದೊಡ್ಡದಾಗುತ್ತಾ ಬಂದರೆ ಹದ್ದು ಎರಗುತ್ತಿದೆ ಅಂತ ಅರ್ಥ. ಅಂಥ ಚುಕ್ಕೆಯನ್ನು ದೊಡ್ಡ ಪರದೆಯಲ್ಲಿ ತೋರಿಸಿದಾಗ ಅವರ ಇಲಿಗಳು ಸುಮ್ನೆ ಇದ್ದವು. ಈ ಕನ್ನಡಕದಲ್ಲಿ ಮೊದಲ ಸಲ ಕಂಡಾಗ ಹೆಚ್ಚಿನವು ಬೆಚ್ಚಿ ಹಾರಿದವು. ನಂಬಿತಾ ಅನ್ನುವುದನ್ನು ಅಳೆಯಲಾಗದು. ಬೆಚ್ಚಿತಾ, ಪರದೆಯ ದಾರಿಯಲ್ಲಿ ಬಹುಮಾನವಾಗಿ ನೀರು ಸಿಗುವ ಜಾಗ ಬರುವ ಮೊದಲೇ ನೆಕ್ಕತೊಡಗಿತಾ ಅನ್ನುವುದನ್ನು ಅಳೆಯಬಹುದು.

ದಯವಿಟ್ಟು ಇಲಿ ಹಿಡಿದು ತಂದು ಪ್ರಯೋಗ ಮಾಡಬೇಡಿ. ಅದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಚೆಂಡು, ಸೆನ್ಸರ್, ಪರದೆ ಇಷ್ಟನ್ನು ಇಲಿ ಇಲ್ಲದೆಯೇ ಕಟ್ಟಬಹುದು. ಚೆಂಡನ್ನು ಕೈಯಲ್ಲಿ ಉರುಳಿಸಿ, ಚಿತ್ರ ಎಷ್ಟು ತಡವಾಗಿ ಸರಿಯುತ್ತದೆ ಅಂತ ಮೊದಲು ನೋಡಿ. ಶಿರಸಿ ಕಡೆ ಬಂದರೆ ಹೇಳಿ, ನನ್ನ ಹಳೆಯ ಸೆನ್ಸರ್ ಬೋರ್ಡ್ ಇನ್ನೂ ಮನೆಯಲ್ಲಿದೆ, ಕೊಡುತ್ತೇನೆ.